ವಿಳಾಸವೂ ವಸ್ತುವೂ: ಗಣಕಜಾಲದಲ್ಲಿ ಸ್ಥಾನನಿರ್ದೇಶದ ಚರಿತ್ರೆ

೧

ಕನ್ನಡ ನಾಡಿನ ದಾನಶಾಸನಗಳನ್ನು ಪರಿಶೀಲಿಸಿದವರಿಗೆ ಒಂದು ಸಂಗತಿ ವಿದಿತವೇ ಆಗಿರುವುದು. ದಾತೃವಿನ ವಂಶ, ಪ್ರತಿಗ್ರಹೀತೃವಿನ ಗೋತ್ರ, ತಿಥಿವಾರನಕ್ಷತ್ರಗಳು ಇವೆಲ್ಲವನ್ನೂ ಸಂಸ್ಕೃತ ಶ್ಲೋಕಗಳಲ್ಲಿ ಹೇಳಿ ಮುಗಿಸಿದ ತಾಮ್ರಪಟವೂ ಕೂಡ, ಭೂಮಿಯ ಚತುಸ್ಸೀಮೆಯನ್ನು ವಿವರಿಸುವಲ್ಲಿ ಅನೇಕವೇಳೆ ಕನ್ನಡಕ್ಕೆ ಇಳಿಯುತ್ತದೆ. ಮೂಡಣ ಮರಡಿ, ತೆಂಕಣ ಹಳ್ಳ, ಪಡುವಣ ಹುಣಿಸೆ, ಬಡಗಣ ಕೆರೆಯ ಏರಿ ಎಂಬ ಬಗೆಯ ಗುರುತುಗಳು ಅಲ್ಲಿ ಬರುತ್ತವೆ. ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಪ್ರಶಸ್ತಿಯಲ್ಲಿ ಒಂದು ವಿಶೇಷಣವು ತಪ್ಪಿದರೆ ಯಾರಿಗೂ ಹಾನಿಯಿಲ್ಲ. ಸೀಮೆಯಲ್ಲಿ ಒಂದು ಗುರುತು ತಪ್ಪಿದರೆ ಒಬ್ಬನ ಗದ್ದೆ ಮತ್ತೊಬ್ಬನ ಪಾಲಾಗುವುದು. ಆದುದರಿಂದ ಸ್ಥಾನನಿರ್ದೇಶವು ಸ್ಥಳದವರಿಗೆ ತಿಳಿಯುವ ಮಾತಿನಲ್ಲಿಯೇ ಇರಬೇಕಾಗಿತ್ತು.

ಈ ಹಳೆಯ ಪ್ರಶ್ನೆಯು ಈಗ ಗಣಕಯಂತ್ರಗಳ ಜಾಲದಲ್ಲಿ ಹೊಸ ರೂಪದಿಂದ ತಲೆದೋರಿದೆ. ಬೆಂಗಳೂರಿನ ಪೂರ್ವಭಾಗದ ಗರುಡಾಚಾರ್‌ಪಾಳ್ಯವನ್ನು ನಿದರ್ಶನವಾಗಿ ಇಟ್ಟುಕೊಂಡರೆ ವಿಷಯವು ವಿಶದವಾಗುವುದು. ಪಾಳ್ಯವೆಂಬುದು ಪಾಳೆಯ ಶಬ್ದದ ರೂಪ. ಬೀಡುಬಿಟ್ಟ ಸ್ಥಳವೆಂದು ಇದರ ಮೂಲಾರ್ಥ. ನೆರೆಯ ಸಿಂಗಯ್ಯನಪಾಳ್ಯ, ಸೀತಾರಾಮಪಾಳ್ಯಗಳೂ ಇದೇ ಜಾತಿಯ ಹೆಸರುಗಳು. ಈ ಪಾಳ್ಯವು ಮಹದೇವಪುರ ನಗರಸಭೆಯ ಎಲ್ಲೆಯಲ್ಲಿದ್ದು, ೨೦೦೭ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. ೧೯೮ ವಾರ್ಡುಗಳ ವಿಂಗಡಣೆಯಲ್ಲಿ ೮೨ನೆಯ ಸಂಖ್ಯೆಯನ್ನು ಪಡೆಯಿತು. ಆ ವಿಂಗಡಣೆ ಈಗ ಇಲ್ಲ. ೨೦೨೫ರಲ್ಲಿ ಆ ಪಾಲಿಕೆಯೇ ಐದು ನಗರಪಾಲಿಕೆಗಳಾಗಿ ಒಡೆಯಿತು. ೨೦೨೩ನೆಯ ಮಾರ್ಚ್ ೨೫ರಂದು ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನವರೆಗಿನ ಮೆಟ್ರೋ ರೈಲು ಮಾರ್ಗವು ಉದ್ಘಾಟಿತವಾದಾಗ ಅದರ ನಿಲ್ದಾಣವೊಂದು ಗರುಡಾಚಾರ್‌ಪಾಳ್ಯವೆಂದೇ ಹೆಸರಾಯಿತು. ಸಂಖ್ಯೆ ಹೋಯಿತು, ಹೆಸರು ಉಳಿಯಿತು.

ಅದೇ ಮಾರ್ಗದಲ್ಲಿ ಮುಂದೆ ಪಟ್ಟಂದೂರು ಅಗ್ರಹಾರವಿದೆ. ಕಾಡುಗೋಡಿಯ ಪ್ರಾಂತದ ಕ್ರಿ. ಶ. ೧೦೪೩ರ ತಮಿಳು ಶಾಸನವು ರಾಜೇಂದ್ರಚೋಳನ ಕಾಲದಲ್ಲಿ ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ ತೂಬನ್ನು ಇಡಿಸಿದುದನ್ನು ತಿಳಿಸುತ್ತದೆ. ಚೋಳರು ಹೋಗಿ, ಹೊಯ್ಸಳರು ಹೋಗಿ, ಮೈಸೂರಿನ ಅರಸರೂ ಆಂಗ್ಲರೂ ಹೋದ ಮೇಲೆಯೂ ೯೮೦ ವರ್ಷಗಳ ತರುವಾಯ ರೈಲುನಿಲ್ದಾಣದ ಹಲಗೆಯ ಮೇಲೆ ಆ ಹೆಸರು ನಿಂತಿದೆ. ಆ ಅಗ್ರಹಾರದ ಬಳಿಯಲ್ಲಿಯೇ ೧೯೯೪ರಲ್ಲಿ ಕಟ್ಟಡಕಾರ್ಯವು ಮೊದಲಾದ ಅಂತರರಾಷ್ಟ್ರೀಯ ತಂತ್ರಜ್ಞಾನ ಉದ್ಯಾನವಿದೆ; ಅದರ ಸುತ್ತಣ ಕಚೇರಿಗಳಲ್ಲಿ ಸಾವಿರಾರು ತಂತ್ರಜ್ಞರು ಹಗಲಿರುಳೂ ಸಂಖ್ಯಾವಿಳಾಸಗಳ ದೋಷಗಳನ್ನು ಹುಡುಕುತ್ತಿರುತ್ತಾರೆ. ಆ ಸಂಖ್ಯೆಗಳ ಆಯುಷ್ಯವಾದರೋ ಕೆಲವುವೇಳೆ ಕೆಲವು ನಿಮಿಷಗಳು ಮಾತ್ರ.

೨

ಜಾಲವಿಳಾಸದ ಚರಿತ್ರೆಯು ಅಮೆರಿಕದಲ್ಲಿ ೧೯೬೯ರಲ್ಲಿ ಸ್ಥಾಪಿತವಾದ ಆರ್ಪಾನೆಟ್ ಎಂಬ ಜಾಲದಿಂದ ಮೊದಲಾಗುತ್ತದೆ. ಆಗ ಯಂತ್ರಗಳು ಕೆಲವೇ ಇದ್ದುವು. ಅವುಗಳ ಹೆಸರುಗಳನ್ನೂ ಸಂಖ್ಯೆಗಳನ್ನೂ ಸ್ಟಾನ್‌ಫರ್ಡ್ ಸಂಶೋಧನಾಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬಾಕೆಯ ಬಳಗವು ಒಂದೇ ಪಟ್ಟಿಯಲ್ಲಿ ಬರೆದಿಡುತ್ತಿತ್ತು. ೧೯೮೧ರ ಸೆಪ್ಟೆಂಬರಿನಲ್ಲಿ ಜಾನ್ ಪೋಸ್ಟೆಲ್ ಸಂಪಾದಿಸಿದ ನಿಯಮಗ್ರಂಥವು ಪ್ರತಿಯೊಂದು ವಿಳಾಸಕ್ಕೂ ೩೨ ದ್ವಿಮಾನ ಅಂಕಗಳನ್ನು ನಿಯಮಿಸಿತು. ಇವುಗಳನ್ನು ನಾಲ್ಕು ಭಾಗಮಾಡಿ, ಒಂದೊಂದು ಭಾಗವನ್ನೂ ೦ ಯಿಂದ ೨೫೫ರ ವರೆಗಿನ ಸಂಖ್ಯೆಯಾಗಿ ಬರೆಯುವುದು ವಾಡಿಕೆ. ೧೯೮೩ನೆಯ ಜನವರಿ ೧ರಂದು ಆರ್ಪಾನೆಟ್ ಈ ಕ್ರಮಕ್ಕೆ ಬದಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಒಂದೇ ಪಟ್ಟಿಗೆ ಬದಲಾಗಿ ನಾಮಾಧಿಕಾರವನ್ನು ಹಲವೆಡೆಗಳಿಗೆ ಹಂಚುವ ಡೊಮೈನ್ ನಾಮಪದ್ಧತಿಯನ್ನು ಪ್ರಕಟಿಸಿದರು.

೩೨ ಅಂಕಗಳಿಂದ ಆಗಬಹುದಾದ ವಿಳಾಸಗಳು ೪೨೯ ಕೋಟಿ ೪೯ ಲಕ್ಷ ೬೭ ಸಾವಿರದ ೨೯೬. ಆ ಕಾಲಕ್ಕೆ ಇದು ಅಕ್ಷಯವೆಂದು ತೋರಿತು. ಆದರೆ ಹತ್ತು ವರ್ಷಗಳೊಳಗಾಗಿ ಕೊರತೆಯ ಭಯವು ಹುಟ್ಟಿ ಮೂರು ಉಪಾಯಗಳು ನಡೆದುವು. ೧೯೯೩ರಲ್ಲಿ, ದೊಡ್ಡ ಮಧ್ಯಮ ಸಣ್ಣ ಎಂಬ ವರ್ಗಭೇದವನ್ನು ತೆಗೆದು, ಬೇಕಾದಷ್ಟೇ ಅಳತೆಯ ವಿಳಾಸಖಂಡಗಳನ್ನು ಕೊಡುವ ಕ್ರಮವು ಬಂದಿತು. ೧೯೯೪ರಲ್ಲಿ, ಒಳಗಿನ ಹಲವು ಯಂತ್ರಗಳಿಗೆ ಹೊರಗೆ ಒಂದೇ ವಿಳಾಸವನ್ನು ತೋರಿಸುವ ವಿಳಾಸಾಂತರ ವಿಧಾನವು ಪ್ರಕಟವಾಯಿತು. ೧೯೯೬ರ ಫೆಬ್ರವರಿಯಲ್ಲಿ ೧೦ ರಿಂದ ಆರಂಭವಾಗುವ ಖಂಡ, ೧೭೨.೧೬ ರಿಂದ ೧೭೨.೩೧ರ ವರೆಗಿನ ಖಂಡ, ೧೯೨.೧೬೮ರ ಖಂಡ ಈ ಮೂರನ್ನು ಯಾರು ಬೇಕಾದರೂ ತಮ್ಮ ಮನೆಯೊಳಗೆ ಬಳಸಿಕೊಳ್ಳಬಹುದೆಂದು ಗೊತ್ತುಮಾಡಲಾಯಿತು. ಅಂತೂ ೨೦೧೧ನೆಯ ಫೆಬ್ರವರಿ ೩ರಂದು ಜಾಗತಿಕ ಭಂಡಾರದ ಕೊನೆಯ ಖಂಡಗಳೂ ಹಂಚಿಹೋದುವು.

ಈ ಮೂರನೆಯ ಉಪಾಯದಿಂದ ವಿಳಾಸದ ಸ್ವರೂಪವೇ ಬದಲಾಯಿತೆಂಬುದು ಗಮನಾರ್ಹ. ಅದುವರೆಗೆ ಒಂದು ಸಂಖ್ಯೆಯು ಲೋಕದಲ್ಲೆಲ್ಲ ಒಂದೇ ಯಂತ್ರವನ್ನು ನಿರ್ದೇಶಿಸುತ್ತಿತ್ತು. ಇನ್ನು ಮುಂದೆ ೧೦.೦.೦.೫ ಎಂಬ ಸಂಖ್ಯೆಯು ಗರುಡಾಚಾರ್‌ಪಾಳ್ಯದ ಒಂದು ಕಚೇರಿಯಲ್ಲಿ ಒಂದನ್ನೂ, ಪಕ್ಕದ ಕಚೇರಿಯಲ್ಲಿ ಇನ್ನೊಂದನ್ನೂ ಹೇಳುವಂತಾಯಿತು. ಶಾಸ್ತ್ರಾಂತರಗಳಲ್ಲಿ ಒಂದೇ ಪರಿಭಾಷೆಗೆ ಬೇರೆ ಬೇರೆ ಅರ್ಥವಿರುವಂತೆ ಇದು. ವೈಯಾಕರಣರ ಗುಣವೇ ಬೇರೆ, ಸಾಂಖ್ಯರ ಗುಣವೇ ಬೇರೆ, ಆಲಂಕಾರಿಕರ ಗುಣವೇ ಬೇರೆ. ಯಾವ ಶಾಸ್ತ್ರದೊಳಗೆ ನಿಂತು ಮಾತಾಡುತ್ತಿರುವುದೆಂದು ಅರಿಯದಿದ್ದರೆ ವಾದವು ಮುಗಿಯುವಂತಿಲ್ಲ.

೩

ಬೆಂಗಳೂರು ಈ ಚರಿತ್ರೆಯನ್ನು ಪ್ರವೇಶಿಸಿದುದು ೧೯೮೦ರ ದಶಕದಲ್ಲಿ. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ದಂಡುಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ ಕೇಂದ್ರವನ್ನು ತೆರೆದು, ಉಪಗ್ರಹದ ಮೂಲಕ ಹೊರದೇಶದೊಡನೆ ಸಂಪರ್ಕವನ್ನು ಏರ್ಪಡಿಸಿಕೊಂಡಿತು. ೧೯೮೬ರಲ್ಲಿ ಭಾರತಸರ್ಕಾರದ ಇಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅರ್ನೆಟ್ ಎಂಬ ವಿದ್ಯಾಜಾಲವನ್ನು ಆರಂಭಿಸಿದಾಗ, ಅದರ ಎಂಟು ಮೂಲಸ್ಥಾನಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದಾಗಿತ್ತು. ೧೯೯೫ನೆಯ ಆಗಸ್ಟ್ ೧೫ರಂದು ವಿದೇಶ ಸಂಚಾರ ನಿಗಮದ ಮೂಲಕ ಜಾಲಸೇವೆಯು ಸಾಮಾನ್ಯರಿಗೂ ತೆರೆಯಿತು. ಮುಂದೆ ಕೃಷ್ಣರಾಜಪುರದಿಂದ ಕಾಡುಗೋಡಿಯವರೆಗಿನ ಕೆರೆ, ತೋಪು, ರಾಗಿಹೊಲಗಳ ನಾಡು ತಂತ್ರಾಂಶದ ಕಚೇರಿಗಳ ನಾಡಾಯಿತು.

೪

ಪ್ರಕೃತ ವಿಷಯಕ್ಕೆ ಅತ್ಯಂತ ಮುಖ್ಯವಾದುದು ಕಂಟೇನರ್ ಎಂಬ ವ್ಯವಸ್ಥೆ. ಇದು ಒಂದು ತಂತ್ರಾಂಶವನ್ನು ಅದಕ್ಕೆ ಬೇಕಾದ ಸಾಮಗ್ರಿಯೊಡನೆ ಒಂದು ಪಾತ್ರೆಯಲ್ಲಿಟ್ಟಂತೆ ಪ್ರತ್ಯೇಕಿಸಿ ನಡೆಸುವ ಉಪಾಯ. ವೇದಾಂತಿಗಳ ಘಟಾಕಾಶವು ಇದಕ್ಕೆ ಉಚಿತವಾದ ದೃಷ್ಟಾಂತ. ಘಟದೊಳಗಿನ ಆಕಾಶವು ಹೊರಗಿನ ಆಕಾಶದಿಂದ ವಸ್ತುತಃ ಬೇರೆಯಲ್ಲ. ಉಪಾಧಿಯಿಂದ ಬೇರೆಯೆಂದು ತೋರುತ್ತದೆ. ಅದರಂತೆಯೇ ಕಂಟೇನರುಗಳೆಲ್ಲವೂ ಒಂದೇ ಯಂತ್ರದ ಒಂದೇ ಕರ್ನೆಲನ್ನು ಆಶ್ರಯಿಸಿದ್ದರೂ ಪ್ರತಿಯೊಂದೂ ತನ್ನದೇ ಕಡತಗಳನ್ನೂ, ತನ್ನದೇ ಜಾಲವನ್ನೂ ಕಾಣುತ್ತದೆ. ಇದರ ಬೀಜವು ಯೂನಿಕ್ಸ್ ವ್ಯವಸ್ಥೆಯಲ್ಲಿ ೧೯೭೯ರಷ್ಟು ಹಿಂದೆಯೇ ಇದೆ. ಲಿನಕ್ಸಿನಲ್ಲಿ ಸಂಪನ್ಮೂಲಗಳ ಮಿತಿಯನ್ನು ಕಟ್ಟುವ ಸೌಕರ್ಯವು ೨೦೦೮ರಲ್ಲಿ ಸೇರಿತು. ೨೦೧೩ರ ಮಾರ್ಚಿನಲ್ಲಿ ಸಾಲೊಮನ್ ಹೈಕ್ಸ್ ಎಂಬವರು ಡಾಕರ್ ಎಂಬ ಸಾಧನವನ್ನು ಲೋಕದ ಮುಂದಿಟ್ಟ ಬಳಿಕ ಇದು ಸರ್ವತ್ರ ಹಬ್ಬಿತು.

ಹಲವು ಯಂತ್ರಗಳ ಸಮೂಹದಲ್ಲಿ ಇಂತಹ ಸಾವಿರಾರು ಘಟಗಳನ್ನು ನಡೆಸುವುದಕ್ಕೆ ಒಬ್ಬ ನಿಯಾಮಕನು ಬೇಕು. ಗೂಗಲ್ ಸಂಸ್ಥೆಯಿಂದ ೨೦೧೪ರ ಜೂನಿನಲ್ಲಿ ಪ್ರಕಟವಾಗಿ, ೨೦೧೫ರ ಜುಲೈಯಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಕಂಡ ಕುಬರ್ನೆಟೀಸ್ ಇಂತಹುದು. ಈ ಗ್ರೀಕ್ ಶಬ್ದಕ್ಕೆ ಕರ್ಣಧಾರ, ಹಡಗಿನ ಚುಕ್ಕಾಣಿ ಹಿಡಿದವನು ಎಂದರ್ಥ. ಇದಕ್ಕೆ ಹಿಂದೆ ಅದೇ ಸಂಸ್ಥೆಯೊಳಗೆ ಬಳಕೆಯಲ್ಲಿದ್ದ ಬೋರ್ಗ್ ಎಂಬ ವ್ಯವಸ್ಥೆಯಲ್ಲಿ ಒಂದು ಯಂತ್ರದ ಮೇಲಿನ ಕಂಟೇನರುಗಳಿಗೆಲ್ಲ ಒಂದೇ ವಿಳಾಸವಿದ್ದು, ಬಾಗಿಲಿನ ಸಂಖ್ಯೆಯಿಂದ, ಅಂದರೆ ಪೋರ್ಟಿನಿಂದ, ಅವುಗಳನ್ನು ಬೇರ್ಪಡಿಸಬೇಕಾಗಿತ್ತು. ಬಾಗಿಲುಗಳನ್ನು ಹಂಚುವುದೇ ಒಂದು ತೊಡಕಾಯಿತು. ಆ ಅನುಭವದಿಂದ ಕುಬರ್ನೆಟೀಸಿನಲ್ಲಿ ಪಾಡ್ ಎಂಬ ಪ್ರತಿಯೊಂದು ಘಟಸಮುಚ್ಚಯಕ್ಕೂ ಸ್ವಂತ ವಿಳಾಸವನ್ನು ಕೊಡಲಾಯಿತು. ಒಂದು ತೊಡಕು ತೀರಿತು. ಅದರ ಸ್ಥಾನದಲ್ಲಿ ಬೇರೆ ಬಗೆಯ ತೊಡಕುಗಳು ಹುಟ್ಟಿದುವು.

೫

ಈ ದೋಷಗಳನ್ನು ಐದು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಸೀಮಾಸಂಕರ. ಡಾಕರ್ ತಾನಾಗಿಯೇ ಆರಿಸಿಕೊಳ್ಳುವ ಖಂಡವು ೧೭೨.೧೭ ರಿಂದ ಆರಂಭವಾಗುತ್ತದೆ. ಕಚೇರಿಯ ಜಾಲದಲ್ಲಿಯೂ ಅದೇ ಖಂಡವು ಮೊದಲೇ ಬಳಕೆಯಲ್ಲಿದ್ದರೆ, ಹೊರಗೆ ಹೋಗಬೇಕಾದ ಸಂದೇಶವು ಒಳಗೇ ತಿರುಗಿ ನಾಶವಾಗುವುದು. ಒಂದೇ ಗದ್ದೆಯನ್ನು ಇಬ್ಬರಿಗೆ ದಾನಮಾಡಿದ ಹಾಗೆ. ಕಟ್ಟುವ ಮೊದಲೇ ಪಾಡುಗಳ ಖಂಡ, ಸೇವೆಗಳ ಖಂಡ, ಯಂತ್ರಗಳ ಖಂಡ ಈ ಮೂರರ ಚತುಸ್ಸೀಮೆಯನ್ನು ಬರೆದಿಡುವುದೇ ಇದಕ್ಕೆ ಪರಿಹಾರ.

ಎರಡನೆಯದು ಸರ್ವನಾಮದೋಷ. ೧೨೭.೦.೦.೧ ಎಂಬ ವಿಳಾಸಕ್ಕೆ ‘ತಾನು’ ಎಂದು ಅರ್ಥ. ಸರ್ವನಾಮವಾದುದರಿಂದ ಆಡಿದವನನ್ನು ಅನುಸರಿಸಿ ಅರ್ಥವು ಬದಲಾಗುತ್ತದೆ. ಘಟದ ಹೊರಗೆ ಬರೆದ ‘ತಾನು’ ಇಡೀ ಯಂತ್ರವಾದರೆ, ಘಟದ ಒಳಗೆ ಬರೆದ ‘ತಾನು’ ಆ ಘಟದ ಜಾಲ ಮಾತ್ರ. ತಂತ್ರಾಂಶವು ಆ ವಿಳಾಸದಲ್ಲಿ ಮಾತ್ರ ಕಿವಿಗೊಟ್ಟಿದ್ದರೆ ಹೊರಗಿನ ಕರೆ ಅದಕ್ಕೆ ಕೇಳಿಸದು. ಎಲ್ಲ ವಿಳಾಸಗಳಿಗೂ ಕಿವಿಗೊಡಬೇಕೆಂಬುದಕ್ಕೆ ೦.೦.೦.೦ ಎಂದು ಬರೆಯಬೇಕು. ಒಂದೇ ಪಾಡಿನೊಳಗಿನ ಕಂಟೇನರುಗಳಾದರೋ ಒಂದೇ ಜಾಲವನ್ನು ಹಂಚಿಕೊಂಡಿರುವುದರಿಂದ ‘ತಾನು’ ಎಂಬುದರ ಮೂಲಕ ಪರಸ್ಪರ ಮಾತಾಡಬಲ್ಲುವು.

ಮೂರನೆಯದು ನಿತ್ಯತ್ವಭ್ರಮೆ. ಪಾಡು ಅಳಿದು ಹೊಸ ಪಾಡು ಹುಟ್ಟಿದಾಗ ವಿಳಾಸವು ಬೇರೆಯಾಗುತ್ತದೆ. ಹಳೆಯ ಸಂಖ್ಯೆಯನ್ನು ಬರೆದಿಟ್ಟುಕೊಂಡ ತಂತ್ರಾಂಶವು ಖಾಲಿ ಮನೆಯ ಬಾಗಿಲನ್ನು ತಟ್ಟುವುದು. ಅದೇ ಸಂಖ್ಯೆ ಮತ್ತೊಂದಕ್ಕೆ ಹೋಗಿದ್ದರೆ ಪರರ ಬಾಗಿಲನ್ನು ತಟ್ಟುವುದು. ಇದನ್ನು ನಿವಾರಿಸಲು ಸರ್ವಿಸ್ ಎಂಬ ಸ್ಥಿರಸಂಜ್ಞೆಯಿದೆ. ಇದರ ಸಾಮಾನ್ಯ ವಿಳಾಸವು ಯಾವ ಯಂತ್ರಕ್ಕೂ ಸೇರಿದುದಲ್ಲ. ಬಂದ ಸಂದೇಶವನ್ನು ಜೀವಂತವಾದ ಪಾಡಿಗೆ ತಿರುಗಿಸುವ ನಿಯಮ ಮಾತ್ರ. ಪಿಂಗ್ ಎಂಬ ಪರೀಕ್ಷೆಗೆ ಅದು ಅನೇಕವೇಳೆ ಉತ್ತರಕೊಡದಿರುವುದು ಈ ಕಾರಣದಿಂದಲೇ. ಅನಭಿಜ್ಞರು ಇದನ್ನೇ ದೋಷವೆಂದು ಭ್ರಮಿಸಿ ಕಾಲವನ್ನು ಕಳೆಯುತ್ತಾರೆ.

ನಾಲ್ಕನೆಯದು ಸಂಜ್ಞಾ-ಸಂಜ್ಞಿಗಳ ವಿಯೋಗ. ಸರ್ವಿಸ್ ತನ್ನ ಪಾಡುಗಳನ್ನು ಅವುಗಳಿಗೆ ಅಂಟಿಸಿದ ಲೇಬಲುಗಳಿಂದ ಗುರುತಿಸುತ್ತದೆ. ಲೇಬಲಿನಲ್ಲಿ ಒಂದಕ್ಷರವು ವ್ಯತ್ಯಾಸವಾದರೂ ಹೆಸರು ಇರುತ್ತದೆ, ಪಾಡು ಇರುತ್ತದೆ, ಸಂಬಂಧವು ಮಾತ್ರ ಇರುವುದಿಲ್ಲ. ಆಗ ಆ ಸರ್ವಿಸಿನ ಗಮ್ಯಸ್ಥಾನಗಳ ಪಟ್ಟಿಯು ಬರಿದಾಗಿ ಕಾಣುತ್ತದೆ. ಅದೇ ದೋಷದ ಲಿಂಗ.

ಐದನೆಯದು ಪರಿಮಾಣದೋಷ. ಒಂದು ಯಂತ್ರದಿಂದ ಮತ್ತೊಂದಕ್ಕೆ ಹೋಗುವ ಪಾಡಿನ ಸಂದೇಶಕ್ಕೆ ವಿಎಕ್ಸ್‌ಲ್ಯಾನ್ ಕ್ರಮದಲ್ಲಿ ಹೊರಗಿನಿಂದ ೫೦ ಬೈಟುಗಳ ಮತ್ತೊಂದು ಹೊದಿಕೆಯನ್ನು ಹೊದಿಸುತ್ತಾರೆ. ಮಾರ್ಗದ ಮಿತಿಯು ೧೫೦೦ ಬೈಟುಗಳಾದರೆ ಒಳಗಿನ ಸಂದೇಶವು ೧೪೫೦ನ್ನು ಮೀರಬಾರದು. ಇದನ್ನು ಮರೆತಲ್ಲಿ ಸಣ್ಣ ಸಂದೇಶಗಳು ಸೇರುತ್ತವೆ, ದೊಡ್ಡವು ಸೇರುವುದಿಲ್ಲ. ಪರೀಕ್ಷೆಗೆ ಕಳುಹಿಸುವುದು ಸಣ್ಣ ಸಂದೇಶವಾದುದರಿಂದ ದೋಷವು ಬಹುಕಾಲ ಅಡಗಿರುವುದು.

ಶೋಧನಕ್ರಮವು ಗ್ರಂಥಸಂಪಾದಕರ ಪಾಠಪರಿಷ್ಕರಣವನ್ನು ಹೋಲುತ್ತದೆ. ಅಶುದ್ಧವಾದ ಪ್ರತಿಯು ಕೈಗೆ ಬಂದಾಗ ವಿವೇಕಿಯು ಒಡನೆ ಅಕ್ಷರವನ್ನು ತಿದ್ದುವುದಿಲ್ಲ. ತಪ್ಪು ಯಾವ ಮಾತೃಕೆಯಲ್ಲಿ ಮೊದಲು ಹೊಕ್ಕಿತೆಂದು ನೋಡುತ್ತಾನೆ. ಇಲ್ಲಿಯೂ ಪಾಡಿನೊಳಗಿಂದಲೇ ತಂತ್ರಾಂಶವು ಉತ್ತರಿಸುವುದೇ, ಅದೇ ಯಂತ್ರದ ಮತ್ತೊಂದು ಪಾಡಿನಿಂದ ತಲಪುವುದೇ, ಬೇರೆ ಯಂತ್ರದಿಂದ ತಲಪುವುದೇ, ಸರ್ವಿಸಿನ ಸಂಖ್ಯೆಯಿಂದ ತಲಪುವುದೇ, ಹೆಸರಿನಿಂದ ತಲಪುವುದೇ, ಕೊನೆಗೆ ಸಮೂಹದ ಹೊರಗಿನಿಂದ ತಲಪುವುದೇ ಎಂದು ಒಳಗಿನಿಂದ ಹೊರಕ್ಕೆ ಪರೀಕ್ಷಿಸಬೇಕು. ಯಾವ ಮೆಟ್ಟಿಲಲ್ಲಿ ಉತ್ತರವು ಮೊದಲು ನಿಲ್ಲುವುದೋ ಅಲ್ಲಿ ದೋಷವನ್ನು ಹುಡುಕಬೇಕು. ಹಲವನ್ನು ಒಮ್ಮೆಗೇ ಬದಲಾಯಿಸಿದವನಿಗೆ ಗುಣವಾದರೂ ಕಾರಣವು ತಿಳಿಯುವುದಿಲ್ಲ.

೬

ಹೆಸರಿಗಿಂತ ಸಂಖ್ಯೆಯೇ ನಿಶ್ಚಿತವಾದುದು, ಹೆಸರು ಹಲವರಿಗೆ ಇರಬಹುದು, ಸಂಖ್ಯೆ ಒಬ್ಬರಿಗೇ ಎಂದು ಪೂರ್ವಪಕ್ಷವನ್ನು ಹೂಡಬಹುದು. ಈ ನಂಬಿಕೆಯು ಎಷ್ಟು ಅನರ್ಥಕಾರಿಯೆಂಬುದಕ್ಕೆ ಬೆಂಗಳೂರಿನಲ್ಲಿಯೇ ನಿದರ್ಶನವಿದೆ. ೨೦೦೭ನೆಯ ಆಗಸ್ಟಿನಲ್ಲಿ ಈ ಊರಿನ ತಂತ್ರಾಂಶೋದ್ಯೋಗಿಯೊಬ್ಬರನ್ನು ಪುಣೆಯ ಪೊಲೀಸರು ಬಂಧಿಸಿದರು. ಶಿವಾಜಿಯನ್ನು ಅವಹೇಳನಮಾಡುವ ಚಿತ್ರವನ್ನು ಜಾಲದಲ್ಲಿ ಪ್ರಕಟಿಸಿದರೆಂಬುದು ಆರೋಪ. ಒಂದು ಜಾಲವಿಳಾಸದ ಸಂಖ್ಯೆಯೇ ಆಧಾರ. ಆ ಸಂಖ್ಯೆಯು ಯಾರದೆಂದು ಸೇವಾಸಂಸ್ಥೆಯು ಕೊಟ್ಟ ಮಾಹಿತಿಯೇ ತಪ್ಪಾಗಿತ್ತು. ಅದು ಗೊತ್ತಾಗಿ ಅವರು ಬಿಡುಗಡೆಯಾಗುವಷ್ಟರಲ್ಲಿ ೫೦ ದಿನಗಳು ಸೆರೆಮನೆಯಲ್ಲಿ ಕಳೆದಿದ್ದುವು. ಒಂದೇ ಸಂಖ್ಯೆಯು ಬೆಳಗ್ಗೆ ಒಬ್ಬರಲ್ಲಿಯೂ ಸಂಜೆ ಮತ್ತೊಬ್ಬರಲ್ಲಿಯೂ ಇರಬಹುದಾದ ಜಾಲದಲ್ಲಿ, ಕಾಲವನ್ನು ಬಿಟ್ಟು ವಿಳಾಸವನ್ನು ಓದುವುದು ಮಿತಿಯಿಲ್ಲದ ಶಾಸನವನ್ನು ಓದಿದಂತೆ.

ಆದುದರಿಂದ ಸಿದ್ಧಾಂತವಿಷ್ಟು: ಸಂಖ್ಯೆಯು ವಸ್ತುವಿನ ಹೆಸರಲ್ಲ, ಒಂದು ಎಲ್ಲೆಯೊಳಗೆ, ಒಂದು ಕಾಲದಲ್ಲಿ, ಒಂದು ಸ್ಥಾನದ ಹೆಸರು. ಎಲ್ಲೆ, ಕಾಲ ಇವೆರಡನ್ನೂ ಬಿಟ್ಟರೆ ಅದು ಯಾರನ್ನೂ ನಿರ್ದೇಶಿಸುವುದಿಲ್ಲ. ಅಥವಾ, ಅದಕ್ಕಿಂತ ಅಪಾಯಕರವಾಗಿ, ನಿರಪರಾಧಿಯನ್ನು ನಿರ್ದೇಶಿಸುತ್ತದೆ. ೧೯೯೫ರಲ್ಲಿ ಮೊದಲು ನಿರೂಪಿತವಾದ ೧೨೮ ಅಂಕಗಳ ಆರನೆಯ ಆವೃತ್ತಿಯು ಕೊರತೆಯನ್ನು ನೀಗುವುದು ನಿಶ್ಚಯ. ಕುಬರ್ನೆಟೀಸಿನಲ್ಲಿ ಹಳೆಯ ಹೊಸ ಎರಡು ಬಗೆಯ ವಿಳಾಸಗಳನ್ನೂ ಒಟ್ಟಿಗೆ ಬಳಸುವ ಕ್ರಮವು ೨೦೨೧ರ ಡಿಸೆಂಬರಿನಲ್ಲಿ ಸ್ಥಿರವಾಯಿತು. ಆದರೆ ಸಂಖ್ಯೆಗಳು ಹೆಚ್ಚಿದ ಮಾತ್ರಕ್ಕೆ ಸೀಮೆಯನ್ನು ಬರೆಯುವ ಹೊಣೆ ತಪ್ಪದು. ಬರೆದವನು ಹೋದಮೇಲೆಯೂ ಓದುವವನಿಗೆ ಸ್ಥಳವು ತಿಳಿಯಬೇಕೆಂದು ಶಾಸನಕಾರರು ಮರಡಿ, ಹಳ್ಳ, ಏರಿಗಳನ್ನು ಕಂಡರಿಸಿದರು. ಜಾಲದ ಸೀಮೆಗಳನ್ನು ಗೊತ್ತುಮಾಡುವವರಿಗೂ ಅದೇ ಧರ್ಮವು ಉಚಿತವಾದುದು.