ಬೆಲ್ಲದ ಗೋಡೆ

ಮೊನ್ನೆ ಭಾನುವಾರ ಟೆಕ್ಕಾ ಮಾರ್ಕೆಟ್ಟಲ್ಲಿ ತೆಂಗಿನಕಾಯಿ, ಬೆಲ್ಲ, ಮೆಂತ್ಯ ಸೊಪ್ಪು ತಗೊಂಡು ಹೊರಟಿದ್ವಿ. ಸಿಟಿ ಹಾಲ್ ಹತ್ತಿರ ಜೋರು ಮಳೆ. ಪಕ್ಕದ ಸೇಂಟ್ ಆಂಡ್ರೂಸ್ ಕೆಥೆಡ್ರಲ್ಲಿಗೆ ನುಗ್ಗಿದೆವು.

"ಇದನ್ನ ಕಟ್ಟಿದ್ದು ನಮ್ಮ ದೇಶದ ಕೈದಿಗಳು ಕಣೇ" ಅಂದೆ. ನನ್ನವಳು ನಂಬಲಿಲ್ಲ.

1825ರಿಂದ ಬ್ರಿಟಿಷರು ಭಾರತದ ಕೈದಿಗಳನ್ನು ಸಿಂಗಾಪುರಕ್ಕೆ ತಂದು ರಸ್ತೆ, ಸೇತುವೆ ಕಟ್ಟಿಸಿದರು. 1856ರಲ್ಲಿ ಶುರುವಾದ ಈ ಚರ್ಚೂ ಅವರ ಕೈಕೆಲಸವೇ. ಆಗ ಗೋಡೆಗೆ ಬಳಿದದ್ದು ಮದ್ರಾಸ್ ಗಾರೆ. ಚಿಪ್ಪಿನ ಸುಣ್ಣಕ್ಕೆ ಮೊಟ್ಟೆಯ ಬಿಳಿ, ಬೆಲ್ಲ ಸೇರಿಸಿ ಅರೆದು, ತೆಂಗಿನ ಸಿಪ್ಪೆ ನೆನೆಸಿದ ನೀರಲ್ಲಿ ಕಲಸೋದು.

"ಬೆಲ್ಲ, ತೆಂಗು ಎರಡೂ ನಮ್ಮ ಚೀಲದಲ್ಲೇ ಇದೆಯಲ್ರೀ!" ಅಂತ ನಕ್ಕಳು.

1873ರಲ್ಲಿ ಇಲ್ಲಿನ ಕೈದಿಗಳ ಜೈಲು ಮುಚ್ಚಿತು. ಶಿಕ್ಷೆ ಬಾಕಿಯಿದ್ದವರು ಅಂಡಮಾನಿಗೆ. ಬಿಡುಗಡೆಯಾದವರಲ್ಲಿ ಹಲವರು ಇಲ್ಲೇ ಹಸು ಸಾಕಿ, ಗಾಡಿ ಹೊಡೆದು, ಅಂಗಡಿ ಇಟ್ಟು ಬದುಕಿದರು.

ಅವರು ಬೇಡಿ ತೊಟ್ಟು ಬಂದೋರು, ನಾವು ವೀಸಾ ಬೇಡಿ ಬಂದೋರು. ಮುಂದಿನ ತಿಂಗಳು ನನ್ನ ಪಾಸ್ ಮುಗಿಯತ್ತೆ, ರಿನ್ಯೂ ಇನ್ನೂ ಆಗಿಲ್ಲ. ವಾಪಸ್ ಹೋಗಬೇಕಾದ್ರೆ ನಾವಿಲ್ಲಿ ಏನು ಬಿಟ್ಟುಹೋಗ್ತೀವಿ? ನಾನು ಬರೆದ ಕೋಡು ಐದು ವರ್ಷ ಬಾಳಿದ್ರೆ ಹೆಚ್ಚು...

"ಮಳೆ ನಿಂತ್ತು, ನಡೀರಿ. ಇಡ್ಲಿಗೆ ನೆನೆಹಾಕ್ಬೇಕು" ಅಂದಳು.