ನಾಸಿಕ ಪ್ರಚೋದನಾ ಪರೀಕ್ಷೆ

ನಾಸಿಕ ಪ್ರಚೋದನಾ ಪರೀಕ್ಷೆಯು ಅಲರ್ಜಿಕಾರಕವೆಂದು ಶಂಕಿಸಲಾದ ವಸ್ತುವನ್ನು ಅಲ್ಪ ಪ್ರಮಾಣದಲ್ಲಿ ಮೂಗಿನೊಳಗೆ ಸಿಂಪಡಿಸಿ, ಅದಕ್ಕೆ ಮೂಗು ತೋರುವ ಪ್ರತಿಕ್ರಿಯೆಯನ್ನು ಅಳೆಯುವ ವೈದ್ಯಕೀಯ ವಿಧಾನ. ವರ್ಷವಿಡೀ ಕಾಡುವ ಅಲರ್ಜಿ ನೆಗಡಿಯ ಕಾರಣವನ್ನು ಖಚಿತಪಡಿಸಿಕೊಳ್ಳಲು ಇದು ನೆರವಾಗುತ್ತದೆ. ಹಾಸಿಗೆ, ದಿಂಬುಗಳ ಧೂಳಿನಲ್ಲಿರುವ ನುಸಿ, ಜಿರಲೆ, ಬೂಷ್ಟು, ಸಾಕುಪ್ರಾಣಿಗಳ ಚರ್ಮದ ಹೊಟ್ಟು ಇಂತಹ ನೆಗಡಿಯ ಸಾಮಾನ್ಯ ಕಾರಣಗಳು.

ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್‌ಲೀ ಪರಾಗವನ್ನು ತನ್ನ ಮೂಗಿಗೇ ಹಚ್ಚಿಕೊಂಡು ನಡೆಸಿದ ಪ್ರಯೋಗಗಳನ್ನು 1873ರಲ್ಲಿ ಪ್ರಕಟಿಸಿದನು. ಅವನನ್ನು ಕಾಡಿದ್ದು ಋತುಮಾನದ ನೆಗಡಿಯಾದರೂ ಪರೀಕ್ಷೆಯ ತತ್ತ್ವ ಅದೇ.

ಚರ್ಮದ ಪರೀಕ್ಷೆಯಲ್ಲಿ ದದ್ದು ಎದ್ದರೆ ದೇಹವು ಆ ವಸ್ತುವಿಗೆ ಸಂವೇದಿಯಾಗಿದೆ ಎಂದಷ್ಟೇ ತಿಳಿಯುತ್ತದೆ. ಮೂಗಿನ ತೊಂದರೆಗೆ ಅದೇ ಕಾರಣವೆಂದು ಸಿದ್ಧವಾಗುವುದಿಲ್ಲ. ಇನ್ನು ಕೆಲವರಲ್ಲಿ ಚರ್ಮ ಹಾಗೂ ರಕ್ತ ಪರೀಕ್ಷೆಗಳೆರಡೂ ಏನನ್ನೂ ತೋರಿಸದೆ ಮೂಗು ಮಾತ್ರ ಪ್ರತಿಕ್ರಿಯಿಸುತ್ತದೆ. ಇದು ಸ್ಥಳೀಯ ಅಲರ್ಜಿ ನೆಗಡಿ. ಅಲರ್ಜಿಯೇ ಇಲ್ಲವೆಂದು ಹೇಳಿಸಿಕೊಂಡು ಬಳಲುವ ಇಂತಹವರಿಗೆ ಈ ಪರೀಕ್ಷೆಯೇ ಮುಖ್ಯ ಆಧಾರ.

ಮೊದಲು ಅಲರ್ಜಿಕಾರಕವಿಲ್ಲದ ದ್ರಾವಣವನ್ನು ಸಿಂಪಡಿಸುತ್ತಾರೆ. ಅದಕ್ಕೇ ಮೂಗು ಕೆರಳಿದರೆ ಮುಂದಿನ ಫಲಿತಾಂಶವನ್ನು ನಂಬಲಾಗದು. ಬಳಿಕ ಅಲರ್ಜಿಕಾರಕವನ್ನು ಸಿಂಪಡಿಸಿ, ಸುಮಾರು 10 ನಿಮಿಷಗಳ ನಂತರ ಸೀನು, ತುರಿಕೆ, ಸೋರುವಿಕೆಗಳಿಗೆ ಅಂಕ ನೀಡಲಾಗುತ್ತದೆ. ಮೂಗು ಎಷ್ಟು ಕಟ್ಟಿದೆ ಎಂಬುದನ್ನು ಗಾಳಿಯ ಹರಿವಿಗಿರುವ ತಡೆಯನ್ನು ಅಳೆಯುವ ರೈನೋಮಾನೊಮೆಟ್ರಿಯಿಂದ ತಿಳಿಯಬಹುದು. ಅಲರ್ಜಿ ನಿರೋಧಕ ಮಾತ್ರೆಗಳನ್ನು ವೈದ್ಯರ ಸೂಚನೆಯಂತೆ ಕೆಲವು ದಿನ ಮೊದಲೇ ನಿಲ್ಲಿಸಬೇಕು. ಹತೋಟಿಯಲ್ಲಿಲ್ಲದ ಅಸ್ತಮಾ ಇರುವವರಿಗೆ ಈ ಪರೀಕ್ಷೆ ಸಲ್ಲದು.