ಒಂದು ವಿಮಾನ ನಿಲ್ದಾಣ, ಎರಡು ದೇಶ

ಆಲ್ಪ್ಸ್ ಪರ್ವತಗಳಲ್ಲಿ ಸ್ಕೀಯಿಂಗ್‌ಗೆಂದು ಜಿನೀವಾದಲ್ಲಿ ಇಳಿಯುವವರಿಗೆ ಎರಡು ದೇಶಗಳ ಬಾಡಿಗೆ ಕಾರುಗಳು ಸಿಗುತ್ತವೆ. ಈ ಸ್ವಿಸ್ ವಿಮಾನ ನಿಲ್ದಾಣದಲ್ಲಿ ಫ್ರಾನ್ಸಿಗೂ ಒಂದು ವಿಭಾಗವಿರುವುದೇ ಇದಕ್ಕೆ ಕಾರಣ.

ಹಿಂದೆ ರನ್‌ವೇ ಉದ್ದಗೊಳಿಸಲು ಹೊರಟಾಗ ಗಡಿ ಅಡ್ಡ ಬಂದಿತು. 1956ರ ಒಪ್ಪಂದದಂತೆ ಎರಡೂ ದೇಶಗಳು ನೆಲವನ್ನು ಅದಲುಬದಲು ಮಾಡಿಕೊಂಡವು. ಫ್ರಾನ್ಸಿಗೆ ನಿಲ್ದಾಣದೊಳಗೆ ವಿಭಾಗವೂ ಅಲ್ಲಿಗೆ ಪ್ರತ್ಯೇಕ ರಸ್ತೆಯೂ ದೊರೆತವು.

2008ರಲ್ಲಿ ಸ್ವಿಟ್ಜರ್ಲೆಂಡ್ ಷೆಂಗೆನ್ ವ್ಯವಸ್ಥೆ ಸೇರಿದ ಮೇಲೆ ಗಡಿ ರಸ್ತೆಗಳಲ್ಲಿ ನಿತ್ಯದ ಪಾಸ್‌ಪೋರ್ಟ್ ತಪಾಸಣೆ ನಿಂತಿತು. ಕಾರಿನ ಮಟ್ಟಿಗೆ ಮಾತ್ರ ಗಡಿ ಉಳಿದಿದೆ. ಸ್ವಿಸ್ ಹೆದ್ದಾರಿಗೆ 1985ರಿಂದ ಸುಂಕದ ಚೀಟಿ ಬೇಕು. ಇಲ್ಲದಿದ್ದರೆ 200 ಫ್ರಾಂಕ್ ದಂಡ. ಫ್ರೆಂಚ್ ವಿಭಾಗದ ಕಾರಿಗೆ ಅದು ಸಾಮಾನ್ಯವಾಗಿ ಇರದು. ಫ್ರಾನ್ಸಿನ ನಿಗದಿತ ಪರ್ವತ ಪ್ರದೇಶಗಳಲ್ಲಿ 2021ರಿಂದ, ನವೆಂಬರಿನಿಂದ ಮಾರ್ಚ್‌ವರೆಗೆ, ಚಳಿಗಾಲದ ಟೈರು ಅಥವಾ ಸರಪಳಿ ಕಡ್ಡಾಯ.

ಹೀಗಾಗಿ ಕೀಲಿಕೈ ಪಡೆಯುವ ಮುನ್ನ, ಹೋಗಬೇಕಾದ ಊರು ಗಡಿಯ ಯಾವ ಬದಿಗಿದೆಯೆಂದು ನೋಡಿಕೊಳ್ಳುವುದು ಜಾಣತನ.